ರೀಫಂಡ್ ಇನಿಷಿಯೇಟ್ ಆಗಿದೆ ಸರ್!

ಹಬ್ಬದ ಸೇಲ್ ಮುಗಿಯಿತು. ಪೇಪರಿನ ಮೊದಲ ಪುಟಗಳಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ ಸಿನಿಮಾ ನಟರು ತಮ್ಮ ಚೆಕ್ಕು ತಗೊಂಡು ಮನೆಗೆ ಹೋದರು. ಈಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಹಬ್ಬ ನಡೆಯುತ್ತಿದೆ. ಮೂರನೇ ಮಹಡಿಯವರ ಹೊಸ ಟಿವಿಯಲ್ಲಿ ಅರ್ಧ ಪರದೆ ಹಸಿರು. ಎದುರು ಮನೆ ಆಂಟಿಗೆ ಬಂದ ಚಪ್ಪಲಿ ಎರಡೂ ಎಡಗಾಲಿನದು. ನಮ್ಮ ಮನೆಗೆ ಬಂದ ಮಿಕ್ಸಿ ಚಟ್ನಿ ಒಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಿತ್ತು. ಗುಡುಗುತ್ತಿತ್ತು, ನಡುಗುತ್ತಿತ್ತು, ಸುಟ್ಟ ವಾಸನೆ ಬಿಡುತ್ತಿತ್ತು. ಜಾರಿನೊಳಗಿನ ತೆಂಗಿನಕಾಯಿ ಮಾತ್ರ ಹಾಕಿದ ಹಾಗೇ ಇರುತ್ತಿತ್ತು.

ಇರಲಿ. ಲಕ್ಷಗಟ್ಟಲೆ ಡಬ್ಬಿ ಕಳಿಸುವವರು, ಎಲ್ಲೋ ಒಂದೆರಡು ಎಡವಟ್ಟು ಆಗೇ ಆಗುತ್ತದೆ. ನಾನು ಹೊಗಳಲು ಹೊರಟಿರುವುದು ಎಡವಟ್ಟಾದ ಮೇಲೆ ಶುರುವಾಗುವ ವ್ಯವಸ್ಥೆಯನ್ನು. ಇಷ್ಟು ಚೊಕ್ಕವಾಗಿ ಕೆಲಸ ಮಾಡದೇ ಇರುವ ವ್ಯವಸ್ಥೆ ಕಟ್ಟಲು ಬಹಳ ಬುದ್ಧಿ ಬೇಕು.

ಮೊದಲು ಹಣ ತೆಗೆದುಕೊಳ್ಳುವ ಚಂದ ನೋಡಿ. ಕಾರ್ಡ್ ನಂಬರು, ಹಿಂದಿನ ಮೂರಂಕಿ, ಒಟಿಪಿ, ಟಿಣ್. ಆಯ್ತು. ಮಧ್ಯರಾತ್ರಿಯಾಗಲಿ, ಭಾನುವಾರವಾಗಲಿ, ಯುಗಾದಿಯ ದಿನವಾಗಲಿ, ಹಣ ಒಂದೇ ನೆಗೆತಕ್ಕೆ ಆಚೆ ದಡ ಸೇರುತ್ತದೆ. ಅದೇ ಹಣಕ್ಕೆ ವಾಪಸ್ ಬರುವಾಗ ಮಂಡಿ ನೋವು. ಭಾನುವಾರ ನಡೆಯಲಾಗುವುದಿಲ್ಲ. ಎರಡನೇ ಶನಿವಾರ, ನಾಲ್ಕನೇ ಶನಿವಾರ ವಿಶ್ರಾಂತಿ. ಮಧ್ಯೆ ಮುಂಬೈನಲ್ಲಿ ಯಾವುದೋ ಹಬ್ಬವಿದ್ದರೆ ಅದಕ್ಕೂ ಹೋಗಿ ಬರುತ್ತದೆ. ‘ಐದರಿಂದ ಏಳು ವರ್ಕಿಂಗ್ ಡೇಸ್ ಸರ್.’ ಎಣಿಕೆ ಯಾವತ್ತಿನಿಂದ ಅಂತ ಕೇಳಿದರೆ, ಕೇಳಿದ ದಿನದಿಂದ.

ಕಂಪನಿಯ ಆ್ಯಪ್‌ನಲ್ಲಿ ದೂರು ಕೇಳಿಸಿಕೊಳ್ಳಲು ಹೆಣ್ಣು ಹೆಸರಿನ ಒಂದು ಚಾಟ್‌ಬಾಟ್ ಇದೆ. ಬಹಳ ಸಂಭಾವಿತೆ. ಮಿಕ್ಸಿ ಕೆಟ್ಟಿದೆ ಅಂದರೆ, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಆರ್ಡರ್ ತಲುಪಿದೆ, ಸಮಸ್ಯೆ ಬಗೆಹರಿಯಿತೇ?’ ಅಂತ ಕೇಳುತ್ತಾಳೆ. ಇಲ್ಲ ಅಂತ ಒತ್ತಿದೆ. ದೋಷದ ಫೋಟೋ ಅಪ್‌ಲೋಡ್ ಮಾಡಿ ಅಂದಳು. ಸುಟ್ಟ ವಾಸನೆಯ ಫೋಟೋ ತೆಗೆಯುವುದು ಹೇಗೆ? ನಿಂತ ಮಿಕ್ಸಿಯ ಫೋಟೋ ಕಳಿಸಿದೆ. ಚೆನ್ನಾಗಿಯೇ ಬಂದಿತ್ತು. ‘ಪ್ರಾಡಕ್ಟ್ ಸುಸ್ಥಿತಿಯಲ್ಲಿರುವಂತೆ ಕಾಣುತ್ತಿದೆ’ ಅಂತ ಉತ್ತರ ಬಂತು. ಆಮೇಲೆ ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿದ್ದೀರಾ ಅಂತ ಪ್ರಶ್ನೆ. ‘ನಮ್ಮ ಮದುವೆಗೇ ವಿಡಿಯೋ ಇಲ್ಲ, ಇನ್ನು ಮಿಕ್ಸಿಗೆ ಎಲ್ಲಿಂದ ತರೋಣ್ರೀ?’ ಅಂದಳು ಹೆಂಡತಿ.

ಪಿಕಪ್‌ಗೆ ಬಂದ ಹುಡುಗನ ಫೋನಿನಲ್ಲೂ ಪ್ರಶ್ನೆಗಳಿದ್ದವು. ಡಬ್ಬಿ ಇದೆಯಾ, ಸ್ಟಿಕ್ಕರ್ ಇದೆಯಾ, ವಸ್ತುವನ್ನು ಬಳಸಿದ್ದಾರಾ? ಅವನು ಜಾರು ಮೂಸಿ ನೋಡಿದ. ‘ಅಂಕಲ್, ಕಾಯಿ ವಾಸನೆ ಬರ್ತಿದೆ. ಯೂಸ್ಡ್ ಅಂತ ಹಾಕ್ಬೇಕಾಗತ್ತೆ.’ ಬಳಸದೆ ಕೆಟ್ಟಿದೆ ಅಂತ ಗೊತ್ತಾಗೋದು ಹೇಗಪ್ಪಾ ಅಂದೆ. ‘ಅದಕ್ಕೆ ಇದರಲ್ಲಿ ಆಪ್ಷನ್ ಇಲ್ಲ ಅಂಕಲ್’ ಅಂದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಡಬ್ಬಿಗಿಷ್ಟು ಅಂತ ದುಡಿಯುವ ಹುಡುಗ. ಕೆಳಗೆ ಗೇಟಿನ ಹತ್ತಿರ ಅವನ ಗಾಡಿ ತೆಗೆಯಿರಿ ಅಂತ ಸೆಕ್ಯುರಿಟಿಯವರು ಕೂಗುತ್ತಿದ್ದರು.

ಕೊನೆಗೆ ಬೇರೆ ಯಾರೋ ಬಂದು, ಏನೂ ಕೇಳದೆ, ಮಿಕ್ಸಿ ಎತ್ತಿಕೊಂಡು ಹೋದರು. ಹಾಗಾಗಿ ಈಗ ನಮ್ಮ ಹತ್ತಿರ ಮಿಕ್ಸಿಯೂ ಇಲ್ಲ, ದುಡ್ಡೂ ಇಲ್ಲ. ಒಂದು ಎಸ್ಸೆಮ್ಮೆಸ್ ಇದೆ: ರೀಫಂಡ್ ಇನಿಷಿಯೇಟ್ ಆಗಿದೆ.

ದುಡ್ಡು ಎಲ್ಲಿ ಅಂತ ಕಂಪನಿಯವರನ್ನು ಕೇಳಿದರೆ ಒಂದು ಎಆರ್‌ಎನ್ ನಂಬರು ಕೊಡುತ್ತಾರೆ, ರೀಫಂಡ್ ಎಲ್ಲಿದೆ ಅಂತ ಬ್ಯಾಂಕಿನಲ್ಲಿ ಹುಡುಕಿಸಲು. 23 ಅಂಕಿ! ಆಧಾರ್‌ಗೇ ಹನ್ನೆರಡು ಸಾಕು. 140 ಕೋಟಿ ಜನರನ್ನು ಹನ್ನೆರಡು ಅಂಕಿಯಲ್ಲಿ ಗುರುತಿಸುವ ದೇಶದಲ್ಲಿ ಒಂದು ಮಿಕ್ಸಿಯ ದುಡ್ಡು ಹುಡುಕಲು ಇಪ್ಪತ್ಮೂರು ಬೇಕು. ಅದನ್ನು ಫೋನಿನಲ್ಲಿ ಬ್ಯಾಂಕಿನವರಿಗೆ ಓದಿ ಹೇಳಬೇಕು. ಹದಿನೇಳನೇ ಅಂಕಿಯ ಹತ್ತಿರ ಲೈನ್ ಕಟ್ಟಾಗುತ್ತದೆ. ಮತ್ತೆ ಹತ್ತಿದರೆ, ‘ಅವರು ಕಳಿಸಿದ್ದರೆ ನಮಗೆ ಕಾಣಬೇಕಿತ್ತು ಸರ್’ ಅನ್ನುತ್ತಾರೆ. ಕಂಪನಿಯವರು, ‘ನಮ್ಮ ಕಡೆಯಿಂದ ಹೋಗಿದೆ ಸರ್’ ಅನ್ನುತ್ತಾರೆ. ಮಧ್ಯದಲ್ಲಿ ಪೇಮೆಂಟ್ ಗೇಟ್‌ವೇ, ಕಂಪನಿಯ ಬ್ಯಾಂಕು, ಕಾರ್ಡ್ ಜಾಲ ಅಂತ ಇನ್ನೂ ಮೂವರಿದ್ದಾರೆ. ದುಡ್ಡು ಹೋಗುವಾಗ ಇವರು ಯಾರೂ ಅಡ್ಡ ಬಂದಿರಲಿಲ್ಲ.

ಇಲ್ಲೊಂದು ತಮಾಷೆ ಹೇಳಲೇಬೇಕು. ಕಾರ್ಡಿನಿಂದ ಹಣ ಕಟ್ಟಾಗಿ, ಅಂಗಡಿಯವರಿಗೆ ಪಾವತಿ ಖಚಿತವಾಗದೆ ಹೋದರೆ, ಐದು ದಿನದೊಳಗೆ ಅದು ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಮಾಡಿದ ನಿಯಮ. ನಮ್ಮ ಗ್ರಹಚಾರ, ಪಾವತಿ ಆಯಿತು, ಮಿಕ್ಸಿಯೂ ಬಂತು. ಅವತ್ತು ನೆಟ್ಟು ಸ್ವಲ್ಪ ಕೈ ಕೊಟ್ಟಿದ್ದರೆ ನಾವು ಇಷ್ಟು ಹೊತ್ತಿಗೆ ಲಾಭದಲ್ಲಿರುತ್ತಿದ್ದೆವು.

ಚಾರ್ಜ್‌ಬ್ಯಾಕ್ ಹಾಕಿ ಅಂದರು ತಿಳಿದವರು. ಅಂದರೆ ಅಂಗಡಿಯವರು ಕೊಡದ ದುಡ್ಡನ್ನು ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ವಾಪಸ್ ಎಳೆಸುವುದು. ಹೌದು, ಹಾಗೊಂದು ದಾರಿ ಇದೆ. ವಸ್ತು ಕೆಟ್ಟದ್ದು ಬಂತು ಅನ್ನುವುದಕ್ಕೇ ವೀಸಾ ಕಾರ್ಡ್ ಜಾಲದ ನಿಯಮದಲ್ಲಿ ಬೇರೆ ಕೋಡ್ ಇದೆ, 13.3. ದೂರು ಕೊಡಲು ಸಾಮಾನ್ಯವಾಗಿ 120 ದಿನ ಅವಕಾಶ. ಬ್ಯಾಂಕಿನ ಹುಡುಗಿಗೆ ಇದನ್ನೆಲ್ಲ ವಿನಯದಿಂದ ಹೇಳಿದೆ. ಆಕೆ ಕಂಪ್ಯೂಟರ್ ನೋಡಿ, ‘ಸರ್, ಒಟಿಪಿ ನೀವೇ ಹಾಕಿದ್ದೀರಲ್ಲ’ ಅಂದಳು. ಹಾಕಿದ್ದೇನಮ್ಮ, ಕಳ್ಳತನ ಆಗಿದೆ ಅಂತ ಎಲ್ಲಿ ಹೇಳಿದೆ? ಮಿಕ್ಸಿ ಕೆಟ್ಟಿದೆ ಅಂದೆ. ‘ಒಟಿಪಿ ಹಾಕಿದ್ದರೆ ಟ್ರಾನ್ಸಾಕ್ಷನ್ ಸರಿಯಾಗಿದೆ ಅಂತ ಸರ್.’ ಆನ್‌ಲೈನ್ ಕಾರ್ಡ್ ಪಾವತಿಗೆ ಈ ಎರಡನೇ ಬೀಗ ಕಡ್ಡಾಯವಾದದ್ದು 2009ರ ಆಗಸ್ಟಿನಲ್ಲಿ, ನಮ್ಮ ರಕ್ಷಣೆಗೆ ಅಂತ. ಈಗ ಅದೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ.

ಇಂಗ್ಲೆಂಡಿನಲ್ಲಿರುವ ನೆಂಟರೊಬ್ಬರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. ಅಲ್ಲಿ 1974ರ ಒಂದು ಕಾಯ್ದೆ ಇದೆ. ನೂರು ಪೌಂಡಿಗಿಂತ ಜಾಸ್ತಿ, 30,000ದವರೆಗಿನ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ, ಅಂಗಡಿಯವನಷ್ಟೇ ಹೊಣೆ ಕಾರ್ಡ್ ಕಂಪನಿಗೂ ಇರುತ್ತದೆ. ಅಂಗಡಿಯವನು ಕೈ ಎತ್ತಿದರೆ ನೇರ ಬ್ಯಾಂಕಿಗೇ ಹೋಗಿ ಕೂರಬಹುದು. ಬ್ರಿಟಿಷರು ಇಲ್ಲಿಂದ ಎಷ್ಟೆಲ್ಲ ಹೊತ್ತುಕೊಂಡು ಹೋದರು, ಇದೊಂದನ್ನು ಬಿಟ್ಟುಹೋಗಲು ಅವರು 1947ಕ್ಕೇ ಗಂಟು ಕಟ್ಟಿಬಿಟ್ಟಿದ್ದರು.

ಹಾಗಂತ ನಾವೇನು ಕಡಿಮೆಯವರಲ್ಲ. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು. 1909ರಲ್ಲಿ ಅಚ್ಚಾಯಿತು. ಅದರಲ್ಲಿ ವ್ಯಾಪಾರ ಮುರಿದುಕೊಳ್ಳುವ ಗಡುವಿನ ಬಗ್ಗೆ ಒಂದು ಅಧ್ಯಾಯವೇ ಇದೆ. ವರ್ತಕರಿಗೆ ಒಂದು ರಾತ್ರಿ, ರೈತರಿಗೆ ಮೂರು ರಾತ್ರಿ, ದನ ಕಾಯುವವರಿಗೆ ಐದು ರಾತ್ರಿ. ಮಾರಿದ ಮಾಲು ಕೊಡದೆ ಸತಾಯಿಸಿದರೆ ಹನ್ನೆರಡು ಪಣ ದಂಡ. ಗಮನಿಸಿ, ರಾತ್ರಿಗಳ ಲೆಕ್ಕ. ವರ್ಕಿಂಗ್ ರಾತ್ರಿ ಅಂತ ಕೌಟಿಲ್ಯ ಬರೆದಿಲ್ಲ. ಅಷ್ಟು ಕುಟಿಲತೆ ಅವನಿಗೂ ಹೊಳೆಯಲಿಲ್ಲ ಪಾಪ.

ಚಿಕ್ಕಪೇಟೆಯಲ್ಲಿ ನಮ್ಮಪ್ಪ ಪಾತ್ರೆ ತರುತ್ತಿದ್ದ ಅಂಗಡಿಯಲ್ಲಿ ‘ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ’ ಅಂತ ಬೋರ್ಡಿತ್ತು. ಅದರ ಕೆಳಗೇ ಕೂತ ಶೆಟ್ಟರು ದಿನಾ ವಾಪಸ್ ಪಡೆಯುತ್ತಿದ್ದರು. ಬೈಯುತ್ತಿದ್ದರು, ನಿಜ. ‘ಏನ್ ಸ್ವಾಮಿ, ನೋಡ್ಕೊಂಡು ತಗೊಂಡು ಹೋಗೋದಲ್ವಾ?’ ಅಂತ ಎಲ್ಲರೆದುರು ಮರ್ಯಾದೆ ಕಳೆದು, ಆಮೇಲೆ ಬೇರೆ ಕುಕ್ಕರ್ ಕೊಡುತ್ತಿದ್ದರು. ಈಗ ಎಲ್ಲರೂ ಸರ್ ಸರ್ ಅನ್ನುತ್ತಾರೆ. ಕೊಡುವುದಿಲ್ಲ.

ಸಿಟ್ಟು ಬರಿಸುವುದು ಏನು ಗೊತ್ತಾ? ಕಾನೂನು ಇಲ್ಲ ಅಂತಲ್ಲ. ಬೇಕಾದಷ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಗಡುವಿನಲ್ಲಿ, ಗಡುವು ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡದಿರುವುದು ಅನುಚಿತ ವ್ಯಾಪಾರ. 2020ರ ಇ-ಕಾಮರ್ಸ್ ನಿಯಮದಲ್ಲಿ ಪ್ರತಿ ಕಂಪನಿಯೂ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಡಬೇಕು, 48 ಗಂಟೆಯಲ್ಲಿ ದೂರು ಬಂದಿದೆ ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೊದಲನೆಯದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ದೂರು ಬಂದಿದೆ ಅಂತ 48 ಸೆಕೆಂಡಿನಲ್ಲೇ ಮೇಲ್ ಬರುತ್ತದೆ. ಆಮೇಲೆ ಮೌನ. ಗ್ರಾಹಕರ ಸಹಾಯವಾಣಿ ಇದೆ, ನಂಬರು 1915. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು 30 ದಿನ ಕಾದು, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ, ಮನೆಯಿಂದಲೇ ಆನ್‌ಲೈನ್ ದೂರು ಹಾಕಬಹುದು. ಎಲ್ಲ ಇದೆ. ಆದರೆ ಮೂರು ಸಾವಿರದ ಮಿಕ್ಸಿಗೆ ಯಾರು ಹೋಗುತ್ತಾರೆ ಹೇಳಿ? ಹೋಗುವುದಿಲ್ಲ ಅಂತ ಅವರಿಗೆ ಗೊತ್ತು. ನಮ್ಮ ಸುಸ್ತಿನ ಮೇಲೆ ಲೆಕ್ಕ ಹಾಕಿಯೇ ಅಂಗಡಿ ತೆರೆದಿದ್ದಾರೆ. ನಾಲ್ಕನೇ ಫೋನಿಗೆ ಬೇಡಪ್ಪಾ ಅನ್ನುವವರು ಎಷ್ಟು ಜನ, ಆರನೇ ಫೋನಿಗೆ ಎಷ್ಟು ಅಂತ ಯಾವುದೋ ಎಕ್ಸೆಲ್ ಶೀಟಿನಲ್ಲಿ ಇದ್ದೇ ಇರುತ್ತದೆ. ನಮ್ಮದೇ ದುಡ್ಡನ್ನು ನಾವು ದಯವಿಟ್ಟು, ದಯವಿಟ್ಟು ಅಂತ ಬೇಡಬೇಕು. ಬೇಜಾರಾಗುತ್ತದೆ. ತಮಾಷೆ ಮಾಡುವುದಕ್ಕೂ ಬೇಜಾರು.

‘ಜಾಗೋ ಗ್ರಾಹಕ್ ಜಾಗೋ’ ಅಂತ ಸರ್ಕಾರ ವರ್ಷಗಟ್ಟಲೆ ಜಾಹೀರಾತು ಹಾಕಿತು. ಎದ್ದೇ ಇದ್ದೀವಿ ಸ್ವಾಮಿ. ಕಸ್ಟಮರ್ ಕೇರ್ ಸಂಗೀತ ಕೇಳುತ್ತಾ ನಿದ್ದೆ ಎಲ್ಲಿ ಬರುತ್ತದೆ?

ಇಷ್ಟರ ಮಧ್ಯೆ ಕಾರ್ಡಿನ ಬಿಲ್ಲು ಮಾತ್ರ ಕರಾರುವಾಕ್ಕು. ಮಿಕ್ಸಿಯ ದುಡ್ಡನ್ನೂ ಸೇರಿಸಿಕೊಂಡೇ ಬಂದಿದೆ. ರೀಫಂಡ್ ಬರಲಿ, ಆಮೇಲೆ ಕಟ್ಟುತ್ತೇನೆ ಅಂತ ಕೂತರೆ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು ಬಡ್ಡಿ, ಬಡ್ಡಿಯ ಮೇಲೆ ಜಿಎಸ್‌ಟಿ. ವರ್ಷಕ್ಕೆ 30 ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದ್ದು 2024ರ ಡಿಸೆಂಬರ್ 20ಕ್ಕೆ. ಸರಿಯಾಗಿ ನಾಲ್ಕು ದಿನ ಬಿಟ್ಟು ರಾಷ್ಟ್ರೀಯ ಗ್ರಾಹಕರ ದಿನ ಬಂತು. ಎಲ್ಲ ಕಡೆ ಭಾಷಣ, ಹೂಗುಚ್ಛ ಆಯಿತು.

ನಮ್ಮ ಬಿಲ್ಲು ಕಟ್ಟಲು ಕೊನೆಯ ದಿನ ಭಾನುವಾರ. ಸೋಮವಾರ ಕಟ್ಟಬಹುದಾ ಅಂತ ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಇಲ್ಲ ಸರ್, ನಮ್ಮ ಸಿಸ್ಟಮ್ ಭಾನುವಾರವೂ ಕೆಲಸ ಮಾಡುತ್ತದೆ ಅಂದರು.