ಇಸ್ತಾಂಬುಲಿಗೆ ಹೊರಟ ಜೀಪು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ಭಾವನವರು ಸ್ವಂತ ಜೀಪಿನಲ್ಲಿ ಇಸ್ತಾಂಬುಲಿಗೆ ಹೋಗಿಬರುವುದೆಂದು ನಿಶ್ಚಯಿಸಿ ಒಂದೂವರೆ ವರ್ಷವಾಯಿತು. ಈ ಅವಧಿಯಲ್ಲಿ ಜೀಪು ಪೆರ್ಲದ ಆಚೆಗಿನ ಸಾರಡ್ಕ ಗಡಿಯನ್ನು ನಾಲ್ಕು ಬಾರಿ ದಾಟಿದೆ. ನಾಲ್ಕು ಬಾರಿಯೂ ಯಾವುದೋ ಒಂದು ಕಾಗದ ತರುವುದಕ್ಕಾಗಿಯೇ. ಮಿಕ್ಕಂತೆ ಅದು ಅಡಿಕೆ ಅಂಗಳದ ಮೂಲೆಯಲ್ಲಿ ನಿಂತಿದೆ, ಅದರ ಬಾನೆಟ್ಟಿನ ಮೇಲೆ ಅತ್ತಿಗೆಯವರು ಹಪ್ಪಳ ಒಣಗಿಸುತ್ತಾರೆ.

ಭಾವನವರ ಉತ್ಸಾಹಕ್ಕೆ ಕಾರಣವಿಲ್ಲದಿಲ್ಲ. 1957ರಲ್ಲಿ ಲಂಡನ್ನಿನಿಂದ ಹೊರಟ ಬಸ್ಸೊಂದು ಯುರೋಪು, ತುರ್ಕಿ, ಇರಾನ್, ಪಾಕಿಸ್ತಾನಗಳನ್ನು ಹಾದು ಕಲ್ಕತ್ತೆಯನ್ನು ಮುಟ್ಟಿತ್ತು ಎಂಬುದನ್ನು ಅವರು ಎಲ್ಲಿಯೋ ಓದಿದ್ದಾರೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿ ತಲಪಾಡಿಯಲ್ಲಿಯೂ ಸಾರಡ್ಕದಲ್ಲಿಯೂ ಒಂದೊಂದು ಗಡಿ ಹುಟ್ಟಿಕೊಂಡಿತ್ತು. ಜಗತ್ತಿನ ಗಡಿಗಳು ಬಸ್ಸಿಗೆ ದಾರಿ ಬಿಡುತ್ತಿದ್ದ ಕಾಲದಲ್ಲಿ ನಮ್ಮೂರಿಗೆ ಹೊಸದೊಂದು ಗಡಿ ದಯಪಾಲಿಸಿದ ದೂರದೃಷ್ಟಿಯನ್ನು ನಾವು ಇನ್ನೂ ಸರಿಯಾಗಿ ಮೆಚ್ಚಿಲ್ಲವೆಂದೇ ನನ್ನ ಭಾವನೆ.

ಇಂಥ ಪ್ರಯಾಣಕ್ಕೆ ಮುಖ್ಯವಾಗಿ ಬೇಕಾದದ್ದು ಕಾರ್ನೆ ಎಂಬ ಪುಸ್ತಕ. ಇದನ್ನು ವಾಹನದ ಪಾಸ್‌ಪೋರ್ಟ್ ಎನ್ನುತ್ತಾರೆ. ಪ್ರತಿ ಹಾಳೆಯಲ್ಲಿ ಮೂರು ತುಂಡು: ದೇಶದೊಳಕ್ಕೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು, ಮೂರನೆಯದು ಎರಡೂ ಮುದ್ರೆಗಳನ್ನು ಹೊತ್ತುಕೊಂಡು ಪುಸ್ತಕದಲ್ಲಿಯೇ ಉಳಿಯುತ್ತದೆ. ಚಾಸಿಸ್ ನಂಬರು, ಎಂಜಿನ್ ನಂಬರು, ಬಣ್ಣ, ಸೀಟಿನ ಹೊದಿಕೆ, ರೇಡಿಯೋ, ಸ್ಪೇರ್ ಟೈರುಗಳ ಸಂಖ್ಯೆ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಬ್ರೇಕು ಹಿಡಿಯುತ್ತದೆಯೇ ಎಂದು ಮಾತ್ರ ಅದು ಕೇಳುವುದಿಲ್ಲ. ಹೋದ ದೇಶದಲ್ಲಿ ವಾಹನ ಮಾರಾಟವಾಗಿ ಸುಂಕ ತಪ್ಪಿಹೋಗಬಾರದೆಂಬುದಷ್ಟೇ ಪುಸ್ತಕದ ಚಿಂತೆ. ಆದ್ದರಿಂದಲೇ ದೊಡ್ಡ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಡದೆ ಅದು ಕೈಗೆ ಸಿಗುವುದಿಲ್ಲ. ಜೀಪು ಇರಾನಿನಲ್ಲಿಯೇ ಉಳಿದುಬಿಟ್ಟರೆ ಆ ಹಣ ಹೋಯಿತು. ಭಾವನವರೇ ಅಲ್ಲಿ ಉಳಿದುಬಿಟ್ಟರೆ ಏನೆಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. "ಜೀಪು ಬಂದರೆ ಸಾಕಂತೆ, ನಾನು ಬರ್ಬೇಕೂಂತ ಎಲ್ಲಿಯೂ ಬರೆದಿಲ್ಲ ಮಾರಾಯ," ಎಂದು ಭಾವನವರು ತುಸು ನೊಂದುಕೊಂಡೇ ಹೇಳಿದರು.

ವಿಮೆಯ ಕತೆ ಇನ್ನೂ ರಮ್ಯವಾಗಿದೆ. ನಮ್ಮ ವಾಹನ ವಿಮೆ ಭಾರತದೊಳಗೆ ಮಾತ್ರ ಅನ್ವಯಿಸುತ್ತದೆ, ಆದರೆ ಹೆಚ್ಚುವರಿ ಹಣ ಕಟ್ಟಿದರೆ ಅದರ ವ್ಯಾಪ್ತಿಯನ್ನು ನೇಪಾಳ, ಭೂತಾನ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗಳಿಗೆ ವಿಸ್ತರಿಸಿಕೊಳ್ಳಬಹುದು. ಮಾಲ್ಡೀವ್ಸ್ ಸಮುದ್ರದ ನಡುವಿನ ದ್ವೀಪಗಳ ದೇಶವಾದ್ದರಿಂದ ಜೀಪು ಅಲ್ಲಿಗೆ ಹೋಗುವುದಾದರೂ ಹೇಗೆಂದು ಕೇಳುವವರಿಗೆ ನಿಯಮದಲ್ಲಿಯೇ ಉತ್ತರವಿದೆ: ವಾಹನವನ್ನು ಹಡಗಿನಲ್ಲಿಯೋ ವಿಮಾನದಲ್ಲಿಯೋ ಸಾಗಿಸುವಾಗ ಆಗುವ ಹಾನಿಗೆ ಈ ವಿಸ್ತರಣೆ ಅನ್ವಯಿಸುವುದಿಲ್ಲ. ದ್ವೀಪಕ್ಕೆ ವಿಮೆಯಿದೆ, ನೀರಿಗೆ ಇಲ್ಲ. ಪಾಕಿಸ್ತಾನಕ್ಕೂ ವಿಮೆಯಿದೆ, ಆದರೆ 2025ರ ಏಪ್ರಿಲಿನಲ್ಲಿ ಆ ದೇಶಕ್ಕೆ ಹೋಗುವ ಅಟ್ಟಾರಿ ಗಡಿಯ ಬಾಗಿಲು ಮುಚ್ಚಿತು. ಇನ್ನು ಯುದ್ಧ, ಬಂಡಾಯ, ಪರಕೀಯ ಶತ್ರುಗಳ ಕೃತ್ಯ ಮುಂತಾದವುಗಳಿಂದಾದ ನಷ್ಟವನ್ನು ಪಾಲಿಸಿಯ ಸಾಮಾನ್ಯ ಷರತ್ತುಗಳು ಮೊದಲೇ ಹೊರಗಿಟ್ಟಿವೆ. ಯುದ್ಧ ಘೋಷಣೆಯ ಮೊದಲಾಗಲಿ ಆಮೇಲಾಗಲಿ ಎಂಬ ಮಾತನ್ನೂ ಮರೆಯದೆ ಸೇರಿಸಿವೆ. ಅಪಾಯವಿಲ್ಲದ ಕಡೆ ರಕ್ಷಣೆ, ಅಪಾಯವಿರುವ ಕಡೆ ವಿನಾಯಿತಿ ಎಂಬ ಈ ಏರ್ಪಾಟು ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಮಳೆಗಾಲದಲ್ಲಿ ಮನೆಯೊಳಗೆ ಕೊಡೆ ಬಿಡಿಸಿಕೊಂಡು ಕೂತಷ್ಟು ನೆಮ್ಮದಿ ಸಿಗುತ್ತದೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೊಂದು ಬೇಗನೆ ಸಿಕ್ಕಿತು. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಈ ಪುಸ್ತಕಕ್ಕೆ ಒಂದು ವರ್ಷದ ಆಯುಸ್ಸು. ಅದು ಭಾವನವರ ಕಪಾಟಿನಲ್ಲಿ, ಪಂಚಾಂಗದ ಕೆಳಗೆ, ಯಾವ ಅಪಘಾತವನ್ನೂ ಮಾಡದೆ ತನ್ನ ಆಯುಸ್ಸನ್ನು ಮುಗಿಸಿತು.

ತಡೆಯಾದದ್ದು ಇರಾನಿನಿಂದಲ್ಲ. ಭಾವನವರ ಜೀಪು ಘಟ್ಟದ ಬುಡದ ನೆಂಟರೊಬ್ಬರಿಂದ ಕೊಂಡದ್ದು, ಅದಕ್ಕೆ ಕೆಎ ನಂಬರು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ವಾಹನಕ್ಕೆ ಆ ರಾಜ್ಯದ ಹೊಸ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಮೊದಲು ಹಳೆಯ ರಾಜ್ಯ ತನ್ನ ಅಡ್ಡಿಯಿಲ್ಲವೆಂಬ ಎನ್‌ಒಸಿ ಕೊಡಬೇಕು, ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಬೇಕು, ಆಮೇಲೆ ಹಳೆಯ ರಾಜ್ಯ ತಾನು ತೆಗೆದುಕೊಂಡ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಪಾಲನ್ನು ಹಿಂದಿರುಗಿಸಬೇಕು. ಈ ಮೂರರಲ್ಲಿ ನಡುವಿನದು ಮಾತ್ರ ತಡವಾಗುವುದಿಲ್ಲ ಎಂಬುದು ಗಡಿನಾಡಿನವರೆಲ್ಲರ ಅನುಭವ. ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದಂತೆ ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಿದ್ದರೆ ಜೀಪಿಗೆ ಎನ್‌ಒಸಿಯೇ ಬೇಕಾಗುತ್ತಿರಲಿಲ್ಲ ಎಂದು ಭಾವನವರು ಈಗ ಹೇಳತೊಡಗಿದ್ದಾರೆ. ಆ ವರದಿಯ ಬಗ್ಗೆ ಹಿಂದೆಂದೂ ತಲೆ ಕೆಡಿಸಿಕೊಂಡವರಲ್ಲ.

ಎನ್‌ಒಸಿಯ ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಅಂಟಿಸಬೇಕು. ಕೊರೆದ ಅಂಕೆಗಳ ಮೇಲೆ ತೆಳು ಕಾಗದವಿಟ್ಟು, ಶಾಲೆಯ ಮಕ್ಕಳು ನಾಣ್ಯದ ಚಿತ್ರ ತೆಗೆಯುವಂತೆ, ಪೆನ್ಸಿಲಿನಿಂದ ಉಜ್ಜಿ ತೆಗೆಯುವ ಕೆಲಸವಿದು. ಭಾವನವರು ಜೀಪಿನ ಅಡಿಗೆ ಗೋಣಿ ಹಾಸಿ ಅಂಗಾತ ಮಲಗಿದರು, ನಾನು ಟಾರ್ಚು ಹಿಡಿದೆ. ತುಕ್ಕು, ಕೆಸರು, ಹಳೆಯ ಪೈಂಟು ಕೆರೆದು ತೆಗೆದ ಮೇಲೆ ಕಾಗದದ ಮೇಲೆ ಮೂಡಿದ ಒಂದು ಅಂಕೆ ಮೂರೋ ಎಂಟೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ಕಚೇರಿಯಲ್ಲಿದ್ದವರು ಅದನ್ನು ಎಂಟೆಂದರು, ಆರ್‌ಸಿಯಲ್ಲಿ ಮೂರಿತ್ತು. ಜೀಪು ಹೊರಗೆ ಮರದ ನೆರಳಿನಲ್ಲಿಯೇ ನಿಂತಿದೆ, ಬಂದು ನೋಡಬಹುದಲ್ಲ ಎಂದದ್ದಕ್ಕೆ, ಅಚ್ಚಿನಲ್ಲಿ ಇರುವುದನ್ನು ನೋಡುವುದಷ್ಟೇ ತಮ್ಮ ಕೆಲಸವೆಂಬ ಉತ್ತರ ಬಂತು. ಹೊಗೆಯ ಸರ್ಟಿಫಿಕೇಟಿನಲ್ಲಿಯೂ ಇದೇ ಗತಿ. ಮಂಗಳೂರಿನ ಕಡೆ ಅದನ್ನು ಎಮಿಷನ್ ಎನ್ನುತ್ತಾರೆ, ನಮ್ಮ ಕಡೆ ಪೊಲ್ಯೂಷನ್ ಎನ್ನುತ್ತಾರೆ. "ಎಮಿಷನ್ ಉಂಟಾ?" ಎಂದು ಕೇಳಿದ ಪೊಲೀಸರಿಗೆ ಭಾವನವರು "ಇಲ್ಲ, ಪೊಲ್ಯೂಷನ್ ಉಂಟು" ಎಂದು ಪ್ರಾಮಾಣಿಕವಾಗಿ ಹೇಳಿ ಅರ್ಧ ಗಂಟೆ ಬಿಸಿಲಿಗೆ ನಿಂತರು.

ಅಪಾಯದ ಗಡಿ ಎಂದಾಗ ಬಂದೂಕು, ಮುಳ್ಳುತಂತಿಗಳೇ ಕಣ್ಣಮುಂದೆ ಬರುತ್ತವೆ. ಒಂದು ಜೆಸಿಬಿ ಸಾಕೆಂಬುದು ನಮಗೆ ತಿಳಿದದ್ದು 2020ರ ಮಾರ್ಚಿನಲ್ಲಿ, ಕೋವಿಡ್ ತಡೆಯಲೆಂದು ಕರ್ನಾಟಕ ಸರಕಾರ ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿದಾಗ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಜಿಲ್ಲೆಯ ರೋಗಿಗಳಲ್ಲಿ ಹಲವರು ಆ ಮಣ್ಣಿನ ಈಚೆಯೇ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಯಿಸಲು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ರೋಗಿಗಳನ್ನು ಬಿಡಲು ಒಂದು ಕಾರ್ಯವಿಧಾನ ಸಿದ್ಧವಾಯಿತು. ಕಾರ್ಯವಿಧಾನವೆಂದರೆ ಮತ್ತೇನಲ್ಲ, ಒಂದು ಪ್ರಮಾಣಪತ್ರ. ಉಸಿರಾಟಕ್ಕೆ ಕಷ್ಟಪಡುತ್ತಿರುವವನು ತಾನು ಕಷ್ಟಪಡುತ್ತಿರುವುದಕ್ಕೆ ಸಹಿ, ಮೊಹರು ತಂದರೆ ಆಂಬುಲೆನ್ಸಿಗೆ ದಾರಿ. 2021ರ ಆಗಸ್ಟಿನಲ್ಲಿ 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ವರದಿ ಕೇಳಿದರು, ಲಸಿಕೆ ಹಾಕಿಸಿಕೊಂಡಿದ್ದರೂ ವಿನಾಯಿತಿ ಇರಲಿಲ್ಲ. ವೈರಸ್ಸಿಗೆ ಕನ್ನಡ, ಮಲಯಾಳ ಎರಡೂ ಬರುತ್ತಿದ್ದದ್ದರಿಂದ ಅದೊಂದು ಮಾತ್ರ ಯಾರನ್ನೂ ಕೇಳದೆ ಓಡಾಡಿತು.

ಇಷ್ಟೆಲ್ಲ ಕಂಡ ಮೇಲೆ ಇರಾನಿನ ಗಡಿ ಭಾವನವರಿಗೆ ಭಯ ಹುಟ್ಟಿಸದಿದ್ದರೆ ಆಶ್ಚರ್ಯವಿಲ್ಲ. ಮುಂಬಯಿಯಿಂದ ಹಡಗಿನಲ್ಲಿ ಜೀಪನ್ನು ಬಂದರ್ ಅಬ್ಬಾಸಿಗೆ ಕಳುಹಿಸಿ ಅಲ್ಲಿಂದ ಓಡಿಸುವುದೆಂದು ಅವರ ಲೆಕ್ಕಾಚಾರ. ಅನಗತ್ಯ ಪ್ರಯಾಣ ಬೇಡವೆಂಬ ಸರಕಾರದ ಸಲಹೆಯನ್ನು ನಾನು ನೆನಪಿಸಿದೆ. "ಸಾರಡ್ಕಕ್ಕೆ ನಾಲ್ಕು ಸಲ ಹೋದದ್ದು ಅಗತ್ಯದ ಪ್ರಯಾಣವಾ?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮೊನ್ನೆ ಎನ್‌ಒಸಿ ಕೈಗೆ ಬಂತು. ಹಳೆಯ ರಾಜ್ಯ ತನ್ನ ನಂಬರನ್ನು ಬಿಟ್ಟುಕೊಟ್ಟಿದೆ, ಹೊಸ ರಾಜ್ಯ ತನ್ನದನ್ನು ಇನ್ನೂ ಕೊಟ್ಟಿಲ್ಲ. ಕಾರ್ನೆಯ ಅರ್ಜಿಯನ್ನು ಭಾವನವರು ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ತುಂಬಿಸಿ ನನಗೆ ತೋರಿಸಿದರು. ಸೀಟಿನ ಹೊದಿಕೆ ಕಂದು, ರೇಡಿಯೋ ಇಲ್ಲ, ಸ್ಪೇರ್ ಟೈರು ಒಂದು. ನೋಂದಣಿ ಸಂಖ್ಯೆಯ ಎದುರು ಮಾತ್ರ ಚಾಸಿಸ್ ಉಜ್ಜಿ ಉಳಿದ ಅದೇ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದು, ರಬ್ಬರನ್ನು ಅಲ್ಲೇ ಪಕ್ಕದಲ್ಲಿ ಇಟ್ಟುಕೊಂಡಿದ್ದರು.