ಮೊದಲು ಬೋಳಿಸಿ, ಆಮೇಲೆ ಬೆಳೆಸಿ

ಉತ್ತರ ಪ್ರದೇಶದ ಮೀರತ್‌ನ ಆ ಕ್ಯಾಂಪ್ ನೆನಪಿದೆ ಅಲ್ವಾ? 2024ರ ಡಿಸೆಂಬರ್‌ನಲ್ಲಿ ಬೊಕ್ಕತಲೆಗೆ ಔಷಧಿ ಹಚ್ಚುತ್ತೇವೆ ಅಂದದ್ದೇ ತಡ, ಜನ ಸಾಲುಗಟ್ಟಿ ನಿಂತರು. ಹಚ್ಚಿಸಿಕೊಳ್ಳಲು 20 ರೂಪಾಯಿ, ಮನೆಗೆ ಒಯ್ಯುವ ಎಣ್ಣೆಗೆ 300. ಆದರೆ ಮೊದಲು ಇರುವ ಕೂದಲನ್ನೂ ಬೋಳಿಸಿಕೊಳ್ಳಬೇಕು. ಎಂಥ ತಲೆ ರೀ ಅವರದು! ಬೋಳಿಸಿದ ಕೂದಲು ವಾರದೊಳಗೆ ಮೊಳೆಯುತ್ತೆ, ಎಣ್ಣೆ ಹಚ್ಚಲಿ ಬಿಡಲಿ. ತಿರುಪತಿಗೆ ಮುಡಿ ಕೊಟ್ಟು ಬಂದವರನ್ನು ಕೇಳಿ. ತಿಮ್ಮಪ್ಪ ಮಾತ್ರ ಇದನ್ನು ಚಿಕಿತ್ಸೆ ಅಂತ ಕರೆದಿಲ್ಲ. ಕಡೆಗೆ ತಲೆ ತುರಿಕೆ ಎದ್ದು ದೂರು ಹೋಯಿತು, ಪೊಲೀಸರು ಮೂವರನ್ನು ಹಿಡಿದರು.

ನಾವು ಅಷ್ಟು ದಡ್ಡರಲ್ಲ. ನಾವು ನೀರನ್ನು ಬೈಯುತ್ತೇವೆ. ಬೆಂಗಳೂರಿನ ಪಿಜಿ ಸೇರಿದ ಹುಡುಗನ ಮೊದಲ ದೂರೇ ಅದು: ‘ಬೋರ್‌ವೆಲ್ ನೀರು ಗುರು, ಕೂದಲೆಲ್ಲ ಹೋಯ್ತು.’ ಊರಲ್ಲಿ ಬಾವಿ ನೀರು ಮಿಂದ ಅಪ್ಪನ ತಲೆ ಮಿರಮಿರ ಮಿಂಚುತ್ತಿದೆ. ಅಜ್ಜನದೂ ಹಾಗೇ ಇತ್ತು, ಸೋದರಮಾವನದೂ ಹಾಗೇ. ನಡುಮನೆ ಗೋಡೆಯ ಫೋಟೋಗಳನ್ನು ನೋಡಿದ್ದರೆ ಸಾಕಿತ್ತು. ಆದರೂ ತಪ್ಪು ಜಲಮಂಡಳಿಯದ್ದು. ಪಾಪ, ಅವರು ಮಾಡಿರುವ ತಪ್ಪುಗಳೇ ಬೇಕಾದಷ್ಟಿವೆ, ಇದೊಂದು ಜಾಸ್ತಿ ಯಾಕೆ? ಗಡಸು ನೀರಿಗೆ ಕೂದಲು ಒರಟಾಗುತ್ತೆ, ನಿಜ. ಆದರೆ ಗಂಡಸರ ಹಣೆಯಿಂದ ಹಿಂದಕ್ಕೆ ಸರಿಯುವ ಬೋಳಿಗೆ ಕಾರಣ ವಂಶ ಮತ್ತು ಡಿಎಚ್‌ಟಿ ಅನ್ನುವ ಹಾರ್ಮೋನು. ಅದಕ್ಕೆ ಶವರಿಗೆ ಸಿಕ್ಕಿಸುವ ಫಿಲ್ಟರ್ ಏನು ಮಾಡೀತು?

ರೀಲ್ಸ್ ತೆರೆದರೆ ಹುಣಸೂರಿನ ಪಕ್ಷಿರಾಜಪುರದ ಆದಿವಾಸಿ ಎಣ್ಣೆ. 108 ಗಿಡಮೂಲಿಕೆಯಂತೆ. ಜಪಮಾಲೆಗೂ 108, ಆಂಬುಲೆನ್ಸಿಗೂ 108, ಇದ್ಯಾಕೆ ಹಿಂದೆ ಬೀಳಬೇಕು? ಅದನ್ನು ಮಾಡುವ ಹಕ್ಕಿಪಿಕ್ಕಿ ಜನರ ನೀಳ ಕೂದಲು ಅಸಲಿಯೇ. ಎಣ್ಣೆ ಮಾರಿ ಅವರು ಮನೆ ಕಟ್ಟಿಕೊಂಡರೆ ನನಗೆ ಸಂತೋಷ. ಮುಂಬೈಯಿಂದ ಸೆಲೆಬ್ರಿಟಿಗಳೂ ಬಂದು ಹೋದರು. ಬಂದವರ ತಲೆಯಲ್ಲಿ ಮೊದಲೇ ದಟ್ಟ ಕೂದಲಿತ್ತು, ಅಷ್ಟೇ.

ಡೆಂಗ್ಯೂ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ರಾಶಿ ರಾಶಿ ಉದುರುತ್ತೆ. ಬಾಣಂತಿಯರಿಗೂ ಹಾಗೆ. ಬಹುತೇಕ ಜನರಿಗೆ ಕೆಲವು ತಿಂಗಳಲ್ಲಿ ತಾನೇ ವಾಪಸ್ ಬರುತ್ತೆ. ಆ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಫೈವ್ ಸ್ಟಾರ್!

ಇನ್ನು ಚರ್ಮದ ಡಾಕ್ಟರ ಹತ್ತಿರ ಹೋದರೆ ಬರೀ ನಿರಾಸೆ. ಥೈರಾಯ್ಡ್ ನೋಡೋಣ, ಕಬ್ಬಿಣಾಂಶ ನೋಡೋಣ ಅಂತಾರೆ. ಮಿನಾಕ್ಸಿಡಿಲ್ ಬರೆದು ಕೊಡ್ತಾರೆ. ಅದು ಬಿಪಿಗೆ ಅಂತ ಬಂದ ಔಷಧಿ. ಕೂದಲು ಬೆಳೆದದ್ದು ಅದರ ಅಡ್ಡ ಪರಿಣಾಮ. ಮೊದಲ ಕೆಲವು ವಾರ ಇನ್ನೂ ಉದುರಬಹುದು, ತಿಂಗಳುಗಟ್ಟಲೆ ಕಾಯಬೇಕು, ಬಿಟ್ಟರೆ ಬಂದದ್ದೂ ಹೋಗುತ್ತೆ. ಇಷ್ಟು ನಿಜ ಹೇಳಿದರೆ ಯಾರು ರೀ ಕೊಳ್ತಾರೆ?

ನಗು ಇಲ್ಲಿಗೆ ಸಾಕು. ಮೀರತ್ ಆಗಿ ಮೂರೇ ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಪಂಜಾಬಿನ ಸಂಗ್ರೂರ್‌ನಲ್ಲಿ ಇಂಥದ್ದೇ ಕ್ಯಾಂಪ್. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಹತ್ತಾರು ಜನ ಕಣ್ಣುರಿ ಅಂತ ಆಸ್ಪತ್ರೆಗೆ ಓಡಿದರು. ಅದೇ ತಿಂಗಳು ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಎಂಜಿನಿಯರ್ ಒಬ್ಬರು ತೀರಿಕೊಂಡರು. ಕಸಿ ಮಾಡಿದ್ದು ದಂತವೈದ್ಯೆ ಎಂಬ ಆರೋಪ. ಬೋಳುತನ ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ, ಔಷಧ ನಿಯಮಗಳ ‘ಜೆ’ ಶೆಡ್ಯೂಲ್‌ನಲ್ಲೇ ಹಾಗಿದೆ. ಅದನ್ನು ಓದಿದ ಅಧಿಕಾರಿ ಒಬ್ಬರಾದರೂ ಇದ್ದಾರಾ? ಊರಿಗೆ ಊರೇ ಕ್ಯೂ ನಿಂತಾಗ ಒಬ್ಬರಿಗೂ ಕಾಣಲಿಲ್ಲವಾ, ಅಥವಾ ಅವರೂ ಆ ಕ್ಯೂನಲ್ಲೇ ನಿಂತಿದ್ದರಾ?