ಹೆಬ್ಬೆರಳಿಗೆ ಬೊಬ್ಬೆ, ಪಕ್ಕದ ಮನೆಯಲ್ಲೂ ಬೊಬ್ಬೆ

ಹಳೇ ಜಾಝ್ ಗಿಟಾರಿನ ನಾದಕ್ಕೆ ಮನಸೋತವರು ಮೊದಲು ಮಾಡುವ ಕೆಲಸ ನಾದದ ಮೊನಚು ಹೆಚ್ಚು ಕಡಿಮೆ ಮಾಡುವ ಟೋನ್ ನಾಬನ್ನು ಸೊನ್ನೆಗೆ ಇಳಿಸುವುದು. ಆಗ ಬರುವುದು ಜಾಝ್ ಅಲ್ಲ, ಕಂಬಳಿಯೊಳಗಿಂದ ನೆಗಡಿಯವರು ಮಾತಾಡಿದಂಥ ಸದ್ದು. ನಾಬ್ 4ರ ಆಸುಪಾಸಿನಲ್ಲಿರಲಿ, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ನೆಕ್ (ಗಿಟಾರಿನ ಕತ್ತು) ಬಳಿಯದ್ದು ಮಾತ್ರ ಆನ್ ಇರಲಿ. ಉಳಿದದ್ದೆಲ್ಲ ತಂತಿ ಮತ್ತು ಬೆರಳಿನ ಕರಾಮತ್ತು.

ಬೆರಳು ಎಂದಕೂಡಲೇ ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ. ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್ ಬಿಟ್ಟು ಹೆಬ್ಬೆರಳಿನಲ್ಲೇ ನುಡಿಸಿದವರು. ರಾತ್ರಿಯ ಅಭ್ಯಾಸ ಅಕ್ಕಪಕ್ಕದವರ ನಿದ್ದೆ ಕೆಡಿಸದಿರಲಿ ಅಂತ ಶುರುವಾದದ್ದಂತೆ. ನಕಲು ಮಾಡುವವರು 10ರ ಗೇಜಿನ (ಗೇಜ್ ಅಂದರೆ ದಪ್ಪದ ಅಳತೆ; 10 ತೆಳು, 13 ದಪ್ಪ) ರೌಂಡ್‌ವೌಂಡ್, ಅಂದರೆ ದುಂಡನೆಯ ಎಳೆ ಸುತ್ತಿದ ಒರಟು ತಂತಿಯ ಮೇಲೆ ಹೆಬ್ಬೆರಳನ್ನು ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಬರಿಸಿಕೊಳ್ಳುತ್ತಾರೆ. ವೆಸ್ ಹೊಡೆಯುತ್ತಿದ್ದದ್ದು ಬಹುತೇಕ ಕೆಳಮುಖವಾಗಿ, ಅದೂ ದಪ್ಪನೆಯ, ಚಪ್ಪಟೆ ಎಳೆ ಸುತ್ತಿದ ನುಣುಪಾದ ಫ್ಲಾಟ್‌ವೌಂಡ್ ತಂತಿಯ ಮೇಲೆ.

ಸರಿ, 13ರ ಫ್ಲಾಟ್‌ವೌಂಡ್ ಸೆಟ್ ತಂದಾಯಿತು. ಅಸಲಿ ಫಜೀತಿ ಈಗ. ಹಳೇ ತಂತಿ ಆರನ್ನೂ ಒಟ್ಟಿಗೆ ಬಿಚ್ಚಿದರೆ ಆರ್ಚ್‌ಟಾಪ್ (ಉಬ್ಬಿದ ಮೇಲ್ಮೈಯ) ಗಿಟಾರಿನಲ್ಲಿ ತಂತಿಗಳನ್ನು ಎತ್ತಿಹಿಡಿಯುವ ಬ್ರಿಡ್ಜ್ ಟಪ್ಪನೆ ಕೆಳಗೆ ಬೀಳುತ್ತದೆ. ಸಾಮಾನ್ಯವಾಗಿ ಅದಕ್ಕೆ ಅಂಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ತಂತಿಯ ಒತ್ತಡವೇ ಆಧಾರ. ಅಂದಾಜಿನಲ್ಲಿ ಮತ್ತೆ ಕೂರಿಸಿದರೆ ಖಾಲಿ ತಂತಿ ಶ್ರುತಿಯಲ್ಲಿರುತ್ತದೆ, 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಅಪಶ್ರುತಿ ಹಾಡುತ್ತದೆ. ಒಂದೊಂದೇ ತಂತಿ ಬದಲಿಸಿ. ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿಗೆ ನಟ್ ಅನ್ನುತ್ತಾರೆ; 10ಕ್ಕೆ ಕೊರೆದ ಅದರ ಕಚ್ಚಿನಲ್ಲಿ 13 ಸಿಕ್ಕಿಕೊಂಡು, ಶ್ರುತಿ ಮಾಡುವಾಗ ಟಿಣ್ಣನೆ ಜಿಗಿಯುತ್ತದೆ. ಕಚ್ಚನ್ನು ಸಣ್ಣ ಅರದಿಂದ ಅಗಲಿಸಬೇಕು. ಎಳೆತ ಹೆಚ್ಚಾಗಿ ನೆಕ್ ಬಾಗುತ್ತದೆ. ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ ಮಾಡಿ, ನೋಡಿ, ಬೇಕಾದರೆ ಇನ್ನಷ್ಟು. ಒಂದೇ ಏಟಿಗೆ ಪೂರ್ತಿ ಸುತ್ತು ತಿರುಗಿಸುವ ವೀರರಿಂದಲೇ ಗಿಟಾರ್ ರಿಪೇರಿಯವರ ಸಂಸಾರ ಸಾಗುತ್ತಿರುವುದು. ಅಂದಹಾಗೆ, ಈ ಸೆಟ್ಟಿನಲ್ಲಿ ಮೂರನೇ ತಂತಿಗೂ ಸುತ್ತು ಇರುತ್ತದೆ; ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ ಬ್ಲೂಸ್ ಬೆಂಡಿನ ಆಸೆ ಬಿಡಿ.

ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಏರಿಸಿದಿರೋ, ಗಿಟಾರ್ ಊಳಿಡುತ್ತದೆ. ಸ್ಪೀಕರಿನ ಸದ್ದಿಗೆ ಟೊಳ್ಳು ಒಡಲು ನಡುಗಿ, ಆ ನಡುಕ ಪಿಕಪ್ ಮೂಲಕ ಮತ್ತೆ ಸ್ಪೀಕರಿಗೇ ಹೋಗುತ್ತದೆ. ಆಂಪಿನ ಎದುರಿಂದ ಪಕ್ಕಕ್ಕೆ ಸರಿಯಿರಿ, ಬಾಸ್ ತಗ್ಗಿಸಿ, ಗಿಟಾರಿನ ಎಫ್ ಆಕಾರದ ಕಂಡಿಗಳಿಗೆ ಬಟ್ಟೆ ತುರುಕಿ. ಕಾಲುಚೀಲವೂ ನಡೆಯುತ್ತದೆ, ಒಗೆದದ್ದಾದರೆ.

ಆಂಪಿನ ಸಹವಾಸವೇ ಬೇಡವೆಂದರೆ ಫ್ರೆಡ್ಡಿ ಗ್ರೀನ್ ಇದ್ದಾರೆ. 1937ರಲ್ಲಿ ಪಿಯಾನೊ ವಾದಕ ಕೌಂಟ್ ಬೇಸಿಯ ಜಾಝ್ ತಂಡ ಸೇರಿ, ಹತ್ತಿರ ಹತ್ತಿರ ಐವತ್ತು ವರ್ಷ ಆಂಪಿಲ್ಲದ ಗಿಟಾರಿನಲ್ಲೇ ತಾಳ ಹಿಡಿದವರು. ತುತ್ತೂರಿಗಳ ನಡುವೆ ಕೇಳಿಸಬೇಕಲ್ಲ, ತಂತಿಗಳನ್ನು ಫ್ರೆಟ್ಟಿನಿಂದ ಬಹಳ ಎತ್ತರಕ್ಕೆ ಏರಿಸಿಟ್ಟಿದ್ದರು. ಆದರೆ ಕಾರ್ಡಿನಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲಿ) ಹಲವು ಸಲ ಗಟ್ಟಿಯಾಗಿ ಒತ್ತುತ್ತಿದ್ದದ್ದು ಒಂದೋ ಎರಡೋ ಸ್ವರ ಮಾತ್ರ. ಅಷ್ಟೆತ್ತರದ ಆರೂ ತಂತಿ ಒತ್ತಲು ಹೊರಟವರು ಎರಡನೇ ಹಾಡಿಗೇ ಎಡಗೈಗೆ ಬಿಸಿನೀರು ಕೇಳುತ್ತಾರೆ.